ಕಾಲುದಾರಿಗೆ ಬೀಗ

ಜನವರಿ 9

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಅಕ್ಕ ಈಗ ಬರೀ ಅಕ್ಕನಲ್ಲ, ಅಧ್ಯಕ್ಷೆ. ನಗಬೇಡ. ಮೇಲಿನ ಬಡಾವಣೆಯ ಮನೆ ಮತ್ತು ನಿವೇಶನ ಮಾಲೀಕರ ಸಂಘ ಕಳೆದ ವಾರ ನೋಂದಣಿಯಾಯಿತು. ನೋಂದಣಿ ಕಚೇರಿಯಲ್ಲಿ ಅಷ್ಟು ವರ್ಷ ಕುರ್ಚಿ ಸವೆಸಿದವಳು ನಾನು. ನನ್ನ ಕಾಗದದಲ್ಲಿ ಒಂದು ಅಲ್ಪವಿರಾಮವನ್ನೂ ಅವರಿಗೆ ತಿದ್ದಲಾಗಲಿಲ್ಲ. ಮೂಲೆಮನೆಯ ಡ್ರಾಯಿಂಗ್ ಮೇಷ್ಟ್ರು ಖಜಾಂಚಿ. ಕರ್ನಲ್ ಉಪಾಧ್ಯಕ್ಷರು. ಅವರು ಸೈನ್ಯದಲ್ಲಿದ್ದವರಲ್ಲ, ಸೈನ್ಯಕ್ಕೆ ಬೂಟು ಸರಬರಾಜು ಮಾಡುತ್ತಿದ್ದವರು ಎಂಬುದು ಎಲ್ಲರಿಗೂ ಗೊತ್ತು. ಆ ಮೀಸೆ ನೋಡಿದ ಮೇಲೆ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ, ಅಷ್ಟೆ.

ಮೊದಲ ಸಭೆಯಲ್ಲೇ ಬಂದದ್ದು ಕಾಲುದಾರಿಯ ವಿಷಯ. ಕೆಳಗಿನ ಊರಿನವರು ನಮ್ಮ ಬಡಾವಣೆಯ ನಡುವೆಯೇ ಹಾದು ಬಸ್ಸಿನ ರಸ್ತೆಗೆ ಹತ್ತುತ್ತಾರಲ್ಲ, ಅದು. ತಲೆಯ ಮೇಲೆ ಸೌದೆ, ಹಿಂದೆ ಮೇಕೆ, ಬಾಯಲ್ಲಿ ಬೀಡಿ. ಮೇಷ್ಟ್ರ ಗುಲಾಬಿಯನ್ನು ಮೇಕೆ ತಿಂದ ದಿನವೇ ನಮ್ಮ ಸಂಘ ಹುಟ್ಟಿತು ಅಂದರೂ ತಪ್ಪಿಲ್ಲ. ಬೇಕಾದರೆ ಗುಡ್ಡ ಸುತ್ತಿ ಹೋಗಲಿ. ದಾರಿ ನಮ್ಮದು, ಜಾಗ ನಮ್ಮದು. ಅಲ್ಲೊಂದು ಕಬ್ಬಿಣದ ಗೇಟು ಹಾಕಬೇಕೆಂದು ಎಲ್ಲರೂ ಕೈ ಎತ್ತಿದರು.

ಎಲ್ಲರೂ ಅಂದರೆ, ನಿನ್ನ ಹೆಂಡತಿಯನ್ನು ಬಿಟ್ಟು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಪೆನ್ನು ಮಾತು ಕೇಳುತ್ತಿಲ್ಲ. ಮದುವೆಯಾದ ಮೇಲೆ ನರ್ಸ್ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ ಎಂದು ನೀನು ತಿಳಿದಿದ್ದೀಯ. ಅವಳು ಕೆಲಸ ಬಿಟ್ಟಿಲ್ಲ, ಆಸ್ಪತ್ರೆಯನ್ನೇ ನಿನ್ನ ಜಗಲಿಗೆ ತಂದುಕೊಂಡಿದ್ದಾಳೆ. ಬೆಳಗಾದರೆ ಕೆಳಗಿನ ಊರಿನವರ ಸಾಲು. ಒಬ್ಬನ ಕಾಲಿನಲ್ಲಿ ಕೀವು, ಇನ್ನೊಬ್ಬಳ ಕಂಕುಳಲ್ಲಿ ಕೆಮ್ಮುವ ಕೂಸು. ನಾನು ಬೇಲಿಯಾಚೆಯಿಂದಲೇ ಕೇಳಿದೆ: "ಇದೇನಮ್ಮಾ, ವಾಸದ ಮನೇನ, ದವಾಖಾನೇನ?" ಅವಳು ತಲೆಯೆತ್ತದೆ ಹತ್ತಿ ಸುತ್ತುತ್ತ, "ಅತ್ತಿಗೆ, ಸ್ವಲ್ಪ ಆ ಬಿಸಿನೀರು ಇತ್ತ ಕೊಡ್ತೀರಾ?" ಅಂದಳು. ನನ್ನನ್ನು! ಅಷ್ಟು ಜನರ ಎದುರಿಗೆ!

ಗೇಟಿನ ಒಂದು ಕಂಬ ನಿನ್ನ ಜಾಗದ ಮೂಲೆಯಲ್ಲಿ ಬರುತ್ತದೆ. ನಿನ್ನ ಒಪ್ಪಿಗೆ ಬೇಕು. ನಿಮ್ಮ ಕ್ಯಾಂಪಿನ ಫೋನಿನಲ್ಲಿ ಮಾತಾಡಿದರೆ ಇಡೀ ಕ್ಯಾಂಪು ಕಿವಿಗೊಡುತ್ತದೆ, ಆದ್ದರಿಂದ ಪತ್ರವನ್ನೇ ಬರೆ. ಏಪ್ರಿಲ್ ರಜೆಗಾದರೂ ಬರುತ್ತೀಯಲ್ಲ?

ನಿನ್ನ ಅಕ್ಕ


ಫೆಬ್ರವರಿ 6

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಓದಿ ಬಹಳ ದಿನಗಳ ಮೇಲೆ ಮನಸಾರೆ ನಕ್ಕೆ. ಅಮ್ಮ ಹೋದಾಗ ನನ್ನನ್ನು ಶಾಲೆಗೆ ಸೇರಿಸಿದವಳು, ಹೆಡ್‌ಮಾಸ್ತರರನ್ನೇ ನಿಲ್ಲಿಸಿ ಪ್ರಶ್ನೆ ಕೇಳಿದವಳು ನೀನು. ನಿನಗೆ ಒಂದು ಬಡಾವಣೆ ಯಾವ ಲೆಕ್ಕ?

ಗೇಟಿನ ಕಂಬವನ್ನು ಧಾರಾಳವಾಗಿ ನೆಡಿಸು. ಮನೆಯೂ ಜಾಗವೂ ನನ್ನೊಬ್ಬನ ಹೆಸರಿನಲ್ಲೇ ಇರುವುದರಿಂದ ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಅಂದಹಾಗೆ, ಮಾಲೀಕರಲ್ಲದವರಿಗೆ ಮತವಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದೀಯಾ? ಬರೆದಿಲ್ಲದಿದ್ದರೆ ಈಗಲೇ ಸೇರಿಸು. ಅವಳು ಸಭೆಯಲ್ಲಿ ಕೈ ಎತ್ತಿದಳೋ ಇಳಿಸಿದಳೋ ಎಂಬ ಪ್ರಶ್ನೆಯೇ ಏಳಬಾರದು. ನನ್ನ ಮತ ನಿನ್ನ ಬಳಿಯೇ ಇರಲಿ.

ನನ್ನ ಹೆಂಡತಿ ಎಂದು ನೀನು ದಾಕ್ಷಿಣ್ಯ ನೋಡಬೇಡ. ನೋಡಿದರೆ ನಾಳೆ ಉಳಿದವರು ನಿನ್ನ ಕಡೆಗೇ ಬೆರಳು ಮಾಡುತ್ತಾರೆ. ಸಂಘ ಏನು ತೀರ್ಮಾನಿಸುತ್ತದೋ ಅದೇ ನನ್ನ ತೀರ್ಮಾನ.

ಏಪ್ರಿಲ್‌ನಲ್ಲಿ ಬರಲಾಗುವುದಿಲ್ಲ. ಹೊಳೆ ತುಂಬುವುದರೊಳಗೆ ಇಲ್ಲಿ ಸೇತುವೆಯ ಕಂಬಗಳು ಮೇಲೇಳಬೇಕು. ಬೇಸರ ಮಾಡಿಕೊಳ್ಳಬೇಡ.

ನಿನ್ನ ತಮ್ಮ


ಮಾರ್ಚ್ 14

ಚಿರಂಜೀವಿ ತಮ್ಮನಿಗೆ,

ಗೇಟು ನಿಂತಿತು. ಹಸಿರು ಬಣ್ಣ. ಬಣ್ಣವನ್ನು ಮೇಷ್ಟ್ರೇ ಆರಿಸಿದರು. ಇಡೀ ಜೀವಮಾನ ಮಕ್ಕಳಿಂದ ಮರಕ್ಕೆ ಹಸಿರು ಹಚ್ಚಿಸಿದವರಿಗೆ ಬೇರೆ ಬಣ್ಣ ಹೊಳೆಯುವುದಾದರೂ ಹೇಗೆ.

ಆದರೆ ಇನ್ನೊಂದು ಸಂಗತಿ ನಡೆದಿದೆ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತೇನೆ.

ಮೊನ್ನೆ ಮಧ್ಯಾಹ್ನ ಕೆಳಗಿನ ಊರಿನವರು ಒಬ್ಬ ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತುಕೊಂಡು ಬಂದರು. ದಿನ ತುಂಬಿದವಳು. ಗುಡ್ಡ ಸುತ್ತಿ ಹೋದರೆ ಹೊತ್ತಾಗುತ್ತದೆ, ಬಸ್ಸಿನ ರಸ್ತೆಯಲ್ಲಿ ಜೀಪು ನಿಂತಿದೆ, ಬೀಗ ತೆಗೆಯಿರಿ ಎಂದು ಗಲಾಟೆ. ಕಾವಲುಗಾರ ನನ್ನ ಹತ್ತಿರ ಓಡಿ ಬಂದ. ಇವತ್ತು ಒಬ್ಬರಿಗೆ ತೆಗೆದರೆ ನಾಳೆ ಎಲ್ಲರಿಗೂ ತೆಗೆಯಬೇಕಾಗುತ್ತದೆ, ಕರ್ನಲ್‌ರನ್ನೂ ಒಂದು ಮಾತು ಕೇಳಿಬಿಡೋಣ ಅಂದೆ. ಅಧ್ಯಕ್ಷೆಯಾದವಳು ಒಬ್ಬಳೇ ತೀರ್ಮಾನ ಮಾಡಬಾರದು, ನಿನಗೆ ಗೊತ್ತಲ್ಲ. ಕರ್ನಲ್ ಮಲಗಿದ್ದರು. ಎದ್ದು, ಅಂಗಿ ತೊಟ್ಟು, ಮೀಸೆ ಸರಿಮಾಡಿಕೊಂಡು ಹೊರಡುವಷ್ಟರಲ್ಲಿ ನಿನ್ನ ಹೆಂಡತಿ ಬರಿಗಾಲಲ್ಲಿ ಓಡಿ ಬಂದು ಗೇಟು ಹತ್ತಿ ಆಚೆಗೆ ಹಾರಿದಳು. ಗಂಡಸರ ಹಾಗೆ! ಅಲ್ಲೇ ಮಣ್ಣಿನ ಮೇಲೆ ಹೆರಿಗೆ; ನಾಲ್ಕು ಹೆಂಗಸರು ಬಟ್ಟೆ ಮರೆ ಹಿಡಿದರು. ನಾನು ಬಂದು ನಿಂತಾಗ ಅವಳು ಮರೆಯ ಮೇಲಿಂದ ತಲೆಯೆತ್ತಿ ಕೂಗಿದಳು: "ಅತ್ತಿಗೆ, ಬೀಗ ತೆಗೀರಿ! ಮಗು ಉಸಿರಾಡ್ತಿಲ್ಲ, ಜೀಪಲ್ಲಿ ಹಾಕ್ಕೊಂಡು ಹೋಗ್ಬೇಕು!"

"ಬೀಗದ ಕೈ ಮನೇಲಿದೆ, ತರ್ತೀನಿ ಇರು" ಅಂದೆ.

"ನಿಮ್ಮ ಸ್ವೆಟರ್ ಜೇಬಲ್ಲಿದೆ! ಕಾಣ್ತಿದೆ!"

ಇದ್ದರೂ ಇದ್ದಿರಬಹುದು. ಅಂಥ ಗದ್ದಲದಲ್ಲಿ ಯಾರಿಗೆ ನೆನಪಿರುತ್ತದೆ? ತೆಗೆದೆ. ಜೀಪು ಹೋಯಿತು. ಮಗು ಉಳಿಯಲಿಲ್ಲ. ಹೇಗಿದ್ದರೂ ಉಳಿಯುವ ಕೂಸಲ್ಲ ಎಂದು ಮೇಷ್ಟ್ರು ಹೇಳುತ್ತಾರೆ, ಕರ್ನಲ್‌ರೂ ಅದನ್ನೇ ಹೇಳುತ್ತಾರೆ.

ವಾಪಸು ಬಂದವಳು ಮೈಕೈಯೆಲ್ಲ ರಕ್ತ ಮಾಡಿಕೊಂಡು ನನ್ನ ಮುಂದೆ ನಿಂತಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಸುಮ್ಮನೆ ನನ್ನ ಜೇಬನ್ನೇ ನೋಡಿದಳು. ತಮ್ಮಾ, ನಾನು ಇಷ್ಟು ವರ್ಷ ಎಷ್ಟೋ ಮೇಲಧಿಕಾರಿಗಳ ಕೆಳಗೆ ಕೆಲಸ ಮಾಡಿದವಳು. ಯಾರೂ ನನ್ನನ್ನು ಹಾಗೆ ನೋಡಿಲ್ಲ.

ಮಾರನೆಯ ದಿನ ಅವಳು ನಿನ್ನ ಹಿತ್ತಿಲ ಬೇಲಿ ಕಡಿಸಿ, ಊರಿನವರು ಹಾಯಲು ದಾರಿ ಮಾಡಿಕೊಟ್ಟಳು. ಸಂಘದ ನಿಯಮ ಮೀರಿದ ಮನೆಗೆ ಸಂಘದ ಕೊಳವೆಬಾವಿಯ ನೀರಿಲ್ಲ. ನಲ್ಲಿ ಬಂದ್ ಮಾಡಿಸಿದ್ದೇನೆ. ನೀನೂ ಒಂದು ಪತ್ರ ಬರೆದು ಅವಳಿಗೆ ಬುದ್ಧಿ ಹೇಳು.

ಅಕ್ಕ


ಏಪ್ರಿಲ್ 3

ಪ್ರೀತಿಯ ಅಕ್ಕ,

ಮಗುವಿನ ಸುದ್ದಿ ಓದಿ ಬೇಜಾರಾಯಿತು. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ನೀನು ಪದ್ಧತಿಯ ಪ್ರಕಾರ ನಡೆದೆ. ಈ ವಿಷಯ ತಲೆಗೆ ಹಚ್ಚಿಕೊಳ್ಳಬೇಡ, ರಾತ್ರಿ ನಿದ್ದೆಗೆಡಬೇಡ.

ನೀರು ನಿಲ್ಲಿಸಿದ್ದು ಸಂಘದ ಹಕ್ಕು. ನಾನೂ ಅವಳಿಗೆ ಬರೆದಿದ್ದೇನೆ. ಕೇಳುವವಳಲ್ಲ ಎಂದು ನಿನಗೂ ಗೊತ್ತು. ನಾನು ಕಾಲು ಮುರಿದುಕೊಂಡು ಅವಳ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಆ ಹಟವೇ ನನಗೆ ಹಿಡಿಸಿತ್ತು. ಆಗ ನೀನು "ಯೋಚನೆ ಮಾಡು" ಅಂದಿದ್ದೆ. ನಾನು ಮಾಡಲಿಲ್ಲ.

ಜೀಪಿನ ವಿಷಯ ಬರೆದಿದ್ದೀಯಲ್ಲ, ಅದನ್ನು ಓಡಿಸುವವನು ಯಾರು? ಅವಳಿಗೆ ಪರಿಚಯವೇ? ಮನೆಯೊಳಗೂ ಬರುತ್ತಾನೆಯೇ? ಸುಮ್ಮನೆ ಕೇಳಿದೆ, ಬೇರೆ ಏನಿಲ್ಲ.

ತಮ್ಮ


ಏಪ್ರಿಲ್ 25

ಚಿರಂಜೀವಿ ತಮ್ಮನಿಗೆ,

ಸುಮ್ಮನೆ ಕೇಳಿದೆ ಅಂತ ನೀನು ಬರೆದರೂ ಆ ಸಾಲಿನ ಹಿಂದೆ ನಿನ್ನ ಎದೆ ಎಷ್ಟು ಬೆಂದಿರಬೇಕು ಎಂದು ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ?

ಡ್ರೈವರ್ ಕೆಳಗಿನ ಊರಿನವನೇ. ಹೆಂಡತಿ ಸತ್ತವನು. ನಲವತ್ತು ದಾಟಿರಬೇಕು, ಮಾತು ಕಡಿಮೆ. ನಲ್ಲಿ ಬಂದ್ ಮಾಡಿಸಿದ ಮೇಲೆ ಅವನೇ ಜೀಪಿನಲ್ಲಿ ನೀರಿನ ಕ್ಯಾನುಗಳನ್ನು ತಂದು ಕೊಡುತ್ತಾನೆ. ಒಳಗೆ ಬರುತ್ತಾನೆಯೇ ಎಂದರೆ, ಕ್ಯಾನು ಒಳಗೆ ಇಡಲು ಬರಲೇಬೇಕಲ್ಲ. ಇಟ್ಟು ಹೋಗುತ್ತಾನೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಯೋಚಿಸಿದೆ. ನಿನ್ನಿಂದ ಮುಚ್ಚಿಟ್ಟು ನಾನು ಏನು ಸಾಧಿಸಬೇಕು? ಕೆಲವು ದಿನ ಅವನು ಬೇಗ ಹೊರಗೆ ಬರುವುದಿಲ್ಲ. ಒಳಗಿನಿಂದ ನಗು ಕೇಳಿಸುತ್ತದೆ. ಅವಳು ನಗುತ್ತಾಳೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಕಾಯುವವಳಲ್ಲ, ಆದರೆ ಎರಡು ಮನೆಗಳ ನಡುವೆ ಒಂದು ಬೇಲಿ ಮಾತ್ರ ಇರುವಾಗ ಕಣ್ಣು ಕಟ್ಟಿಕೊಂಡು ಓಡಾಡುವುದಕ್ಕಾಗುತ್ತದೆಯೇ? ಮೊನ್ನೆ ಸಂಜೆ ಜಗಲಿಯಲ್ಲಿ ಅವನ ಕೈ ಹಿಡಿದುಕೊಂಡಿದ್ದಳು. ಗಾಯಕ್ಕೆ ಮದ್ದು ಹಚ್ಚುತ್ತಿದ್ದಳು ಅಂತ ಕಾವಲುಗಾರ ಹೇಳುತ್ತಾನೆ. ಗಾಯ ಯಾರು ನೋಡಿದರು?

ಕರ್ನಲ್‌ರ ಹೆಂಡತಿಗೆ ಈ ವಿಷಯ ಅರ್ಧ ಮಾತಿನಲ್ಲಿ ಹೇಳಿದೆ. ಉಳಿದರ್ಧ ಅವರೇ ಹೇಳಿಕೊಂಡು ತಿರುಗುತ್ತಿದ್ದಾರೆ.

ನೀನು ಊಟ ಬಿಡಬೇಡ. ನಾನಿದ್ದೇನೆ.

ಅಕ್ಕ


ಮೇ 12

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದಾಗಿನಿಂದ ಯಾವುದರಲ್ಲೂ ಮನಸ್ಸಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಆದರೆ ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ. ನಾಳೆ ಅವಳು ಇಲ್ಲ ಎಂದರೆ ನಾನು ಯಾರನ್ನು ಕೇಳಲಿ? ಆದ್ದರಿಂದ ಸಂಘದ ಸಭೆ ಕರೆದು ಒಂದು ಠರಾವು ಮಾಡು. "ಸದರಿ ಮನೆಯಲ್ಲಿ ವಾಸವಿರುವ ಹೆಂಗಸಿನ ನಡತೆ ಬಡಾವಣೆಯ ಗೌರವಕ್ಕೆ ಕುಂದು ತರುವಂತಿದೆ, ಪರಪುರುಷನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೋಗುವುದನ್ನು ಸದಸ್ಯರು ಕಣ್ಣಾರೆ ಕಂಡಿದ್ದಾರೆ" ಎಂದು ಇರಲಿ. ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ ಮೂವರ ಸಹಿ, ಸಂಘದ ಮೊಹರು. ಅದರ ಪ್ರತಿ ನನಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರಲಿ. ಇಲ್ಲಿ ಒಬ್ಬ ವಕೀಲರನ್ನು ವಿಚಾರಿಸಿದೆ, ಅಷ್ಟಿದ್ದರೆ ಸಾಕು ಎಂದರು.

"ಕಣ್ಣಾರೆ" ಎಂಬ ಪದ ಬಿಟ್ಟುಹೋಗದಂತೆ ನೋಡಿಕೊ.

ಎಲ್ಲ ಮುಗಿದ ಮೇಲೆ ಅಲ್ಲಿಗೇ ಬಂದುಬಿಡುತ್ತೇನೆ. ನಾವಿಬ್ಬರೇ, ಮೊದಲಿನ ಹಾಗೆ.

ತಮ್ಮ


ಜೂನ್ 8

ಚಿರಂಜೀವಿ ತಮ್ಮನಿಗೆ,

ಕೈ ನಡುಗುತ್ತಿದೆ ಎಂದು ಬರೆದಿದ್ದೆ. ಆದರೆ ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗಿದೆ. ಅಂಥ ಸಂಕಟದಲ್ಲೂ ಎಷ್ಟು ಗಟ್ಟಿ ಮನಸ್ಸು ನಿನ್ನದು! ಅಪ್ಪನದೇ ಪಡಿಯಚ್ಚು.

ಸಭೆ ನಿನ್ನೆ ನಡೆಯಿತು, ನಮ್ಮ ಹಜಾರದಲ್ಲಿ. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮರದ ರೋಗದ ಬಗ್ಗೆ ಸಭೆ ಕರೆದರೆ ಮೂರು ಜನ ಬರುವುದಿಲ್ಲ. ನಿನ್ನೆ ಊರಿಂದ ಬಂದ ನೆಂಟರನ್ನೂ ಕರೆತಂದಿದ್ದರು. ನಿನ್ನ ಹೆಂಡತಿಯನ್ನು ಕರೆಸಿದೆವು. ಮಾಲೀಕಳಲ್ಲದ್ದರಿಂದ ಕುರ್ಚಿ ಕೊಡಲಿಲ್ಲ.

ಠರಾವನ್ನು ನಾನೇ ಓದಿದೆ. ದನಿ ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿದಾಗ ಅವಳು, "ಕಣ್ಣಾರೆ ಕಂಡೋರು ಯಾರು?" ಅಂದಳು.

ಕರ್ನಲ್ ಚಾವಣಿ ನೋಡಿದರು.

"ಮೇಷ್ಟ್ರೇ, ನೀವು ಕಂಡ್ರಾ? ನಿಮ್ಮ ಹೆಂಡತಿಗೆ ಜ್ವರ ಬಂದಾಗ ಮೂರು ದಿನ ನಿಮ್ಮನೇಲೇ ಕೂತಿದ್ದೆ. ನಾನು ಎಂಥೋಳು ಅಂತ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಜಾರುತ್ತಿದ್ದಾರೆ ಅನ್ನಿಸಿತು. ಆಗ ನಾನು, "ನಾನು ಕಂಡಿದ್ದೀನಿ" ಅಂದೆ.

"ಏನು ಕಂಡ್ರಿ, ಅತ್ತಿಗೆ?"

ಹೇಳಿದೆ. ಏನೇನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಠರಾವು ನಿಲ್ಲಬೇಕಾದರೆ ಎಷ್ಟು ಬೇಕೋ ಅಷ್ಟನ್ನು ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಹಲ್ಲು ಕಿರಿದರು. ಅವಳು ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ನನ್ನ ಮುಖವನ್ನೇ ನೋಡುತ್ತ, "ಇಂಥ ಠರಾವು ಬೇಕು ಅಂತ ನಿಮ್ಮ ತಮ್ಮ ಕೇಳಿದ್ರಾ?" ಅಂದಳು.

"ಕೇಳದೆ ಇನ್ನೇನು? ನೀನಿರೋ ಮನೆ ಅವನದು."

"ಹಾಗಾದ್ರೆ ಸರಿ" ಅಂದಳು. ಅಷ್ಟೇ. ತಪ್ಪು ಒಪ್ಪಿಕೊಂಡ ಹಾಗೆಯೇ ಆಯಿತಲ್ಲ. ಮೇಷ್ಟ್ರು ಕೂಡ ಸಹಿ ಹಾಕಿದರು.

ಇವತ್ತು ಬೆಳಿಗ್ಗೆ ಹೊರಟುಹೋದಳು. ಕೆಳಗಿನ ಊರಿನ ಹೆಂಗಸರು ಬಂದು ಅವಳ ಪೆಟ್ಟಿಗೆ, ಹಾಸಿಗೆ, ಔಷಧಿಯ ಬುಟ್ಟಿ ಹೊತ್ತುಕೊಂಡರು. ಮಗು ಕಳೆದುಕೊಂಡ ಆ ಹುಡುಗಿಯೂ ಇದ್ದಳು. ಗೇಟು ದಾಟುವಾಗ ಕಾರಿ ಉಗುಳಿದಳು. ನಿನ್ನ ಮನೆಯ ಬೀಗದ ಕೈಯನ್ನು ನಿನ್ನ ಹೆಂಡತಿ ನನ್ನ ಕೈಗೆ ಕೊಡಲಿಲ್ಲ, ಬೇಲಿಗೆ ಸಿಕ್ಕಿಸಿ ಹೋಗಿದ್ದಳು.

ಠರಾವಿನ ಪ್ರತಿ ಇದರ ಜೊತೆ ಕಳಿಸಿದ್ದೇನೆ. ಇನ್ನು ನೀನು ಬರುವುದೊಂದೇ ಬಾಕಿ.

ಅಕ್ಕ


ಸೆಪ್ಟೆಂಬರ್ 19

ಚಿರಂಜೀವಿ ತಮ್ಮನಿಗೆ,

ಠರಾವು ಕಳಿಸಿದ ಮೇಲೆ ಇದು ನಾಲ್ಕನೆಯ ಪತ್ರ. ಯಾವುದಕ್ಕೂ ಉತ್ತರವಿಲ್ಲ. ಹೊಳೆ ತುಂಬಿ ಅಂಚೆ ನಿಂತಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಕರ್ನಲ್‌ರಿಗೆ ಆ ಕಡೆಯಿಂದಲೇ ಅವರ ಅಳಿಯನ ಪತ್ರ ಬರುತ್ತಲೇ ಇದೆ.

ನಿನ್ನ ಮನೆಯ ಕಿಟಕಿಗಳನ್ನು ದಿನಾ ತೆಗೆದಿಡುತ್ತೇನೆ. ಹಾಸಿಗೆ ಬಿಸಿಲಿಗೆ ಹಾಕಿಸಿದೆ. ಜಗಲಿಯನ್ನು ಫಿನಾಯಿಲ್ ಹಾಕಿ ತೊಳೆಸಿದರೂ ಟಿಂಕ್ಚರ್ ವಾಸನೆ ಹೋಗುತ್ತಿಲ್ಲ. ಅವಳು ಕೆಳಗಿನ ಊರಿನಲ್ಲೇ ಒಂದು ಮಣ್ಣಿನ ಮನೆಯಲ್ಲಿದ್ದಾಳೆ. ಯಾರ ಜೊತೆ ಎಂದು ವಿಚಾರಿಸಿದೆ; ಒಬ್ಬಳೇ ಅಂತೆ.

ಮೇಷ್ಟ್ರ ಹೆಂಡತಿ ಈಗ ಸೂಜಿ ಚುಚ್ಚಿಸಿಕೊಳ್ಳಲು ಅಲ್ಲಿಗೇ ಇಳಿದು ಹೋಗುತ್ತಾರೆ. ನಾನು ಎದುರಾದರೆ ದಾರಿ ಬದಲಿಸುತ್ತಾರೆ.

ಆರೋಗ್ಯವಾಗಿದ್ದೀಯಾ? ಅದೊಂದನ್ನು ಬರೆ.

ಅಕ್ಕ


ಡಿಸೆಂಬರ್ 2

ಮಾನ್ಯ ಅಧ್ಯಕ್ಷರು,
ಮೇಲಿನ ಬಡಾವಣೆ ಮನೆ ಮತ್ತು ನಿವೇಶನ ಮಾಲೀಕರ ಸಂಘ.

ನನ್ನ ಮನೆ ಮತ್ತು ಅದಕ್ಕೆ ಸೇರಿದ ಗುಡ್ಡದ ಅಂಚಿನ ಜಾಗವನ್ನು ಜಲ್ಲಿ ಕ್ರಷರ್ ನಡೆಸುವ ಕಂಪನಿಯೊಂದಕ್ಕೆ ಮಾರಲು ಕರಾರು ಮಾಡಿಕೊಂಡಿದ್ದೇನೆ. ಕಂಪನಿಯ ಲಾರಿಗಳು ಬಡಾವಣೆಯ ರಸ್ತೆಯಲ್ಲಿ ಓಡಾಡಲು ಸಂಘದ ಅಭ್ಯಂತರವಿಲ್ಲ ಎಂಬ ಪತ್ರ ಬೇಕಾಗಿದೆ. ದಯವಿಟ್ಟು ಸಹಿ ಮಾಡಿ ಕಳಿಸಿಕೊಡಿ.

ಅಕ್ಕ, ಮೇಲಿನದು ದಫ್ತರಿಗೆ. ಇದು ನಿನಗೆ. ವಿಚ್ಛೇದನ ಮುಗಿಯಿತು. ಠರಾವು ಬಹಳ ಉಪಯೋಗಕ್ಕೆ ಬಂತು. ಅವಳು ಎದುರಾಡಲೂ ಇಲ್ಲ, ಏನನ್ನೂ ಕೇಳಲೂ ಇಲ್ಲ. ಕಳೆದ ತಿಂಗಳು ಇಲ್ಲಿ ಮದುವೆ ರಿಜಿಸ್ಟರ್ ಮಾಡಿಸಿಕೊಂಡೆ. ನಮಗೆ ಒಬ್ಬ ಮಗನಿದ್ದಾನೆ. ಓಡಾಡುತ್ತಾನೆ, ಎರಡು ಮೂರು ಮಾತು ಆಡುತ್ತಾನೆ. ಅವನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದೇನೆ. ನಿನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ.

ತಮ್ಮ


ಡಿಸೆಂಬರ್ 15

ಓಡಾಡುತ್ತಾನೆ ಎಂದು ಬರೆದಿದ್ದೀಯ. ಓಡಾಡುವ ಮಗು ಹುಟ್ಟಿದ್ದು ಯಾವಾಗ?

ನಾನು ಗೇಟು ಹಾಕಿಸುವುದಕ್ಕೂ ಮೊದಲೇ ಅವನು ಹುಟ್ಟಿದ್ದ. ನಿನ್ನ ಕೈ ನಡುಗುತ್ತಿದೆ ಎಂದು ಬರೆದಾಗ ಅವನು ನಿನ್ನ ತೊಡೆಯ ಮೇಲೆ ಕೂತಿದ್ದನೇನೋ! ನಾನು ಊಟ ಬಿಟ್ಟು, ನಿದ್ದೆ ಬಿಟ್ಟು ನಿನ್ನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣಿನ ಬಗ್ಗೆ ಕಾಣದ್ದನ್ನು ಕಂಡೆ ಎಂದೆ. ನಿನಗಾಗಿ. ಅದನ್ನು ಈ ಬಾಯಿಂದ ಹೇಳಿಸಿದ್ದು ನೀನು.

ಈಗ ಕ್ರಷರ್! ಡೈನಮೈಟು ಇಟ್ಟು ಆ ಗುಡ್ಡ ಒಡೆದರೆ ಈ ಕಡೆ ನಾನು, ಆ ಕಡೆ ಕೆಳಗಿನ ಊರು. ಯಾರ ಮನೆ ಉಳಿಯುತ್ತದೆ? ನೀನು ಬರುತ್ತೀಯೆಂದು ನಾನು ದಿನಾ ತೆಗೆದಿಡುತ್ತಿದ್ದ ಕಿಟಕಿಗಳನ್ನು ಯಾರಿಗೆ ಮಾರುತ್ತಿದ್ದೀಯೋ?

ಸಹಿ ಹಾಕುವುದಿಲ್ಲ. ನಾನು ಬದುಕಿರುವವರೆಗೂ ಹಾಕುವುದಿಲ್ಲ. ಕೋರ್ಟಿಗೆ ಹೋಗಿ, ಠರಾವು ಸುಳ್ಳು ಎಂದು ನಾನೇ ಹೇಳುತ್ತೇನೆ.


ಜನವರಿ 5

ಅಕ್ಕನಿಗೆ,

ಸಿಟ್ಟಿನಲ್ಲಿ ಬರೆದಿದ್ದೀಯ, ನಾನು ಬೇಸರ ಮಾಡಿಕೊಂಡಿಲ್ಲ.

ಒಂದು ಸಲ ಸಮಾಧಾನವಾಗಿ ಕೂತು ಯೋಚಿಸು. ಗೇಟು ಹಾಕಿಸು ಎಂದು ನಾನು ಹೇಳಲಿಲ್ಲ. ನೀರು ನಿಲ್ಲಿಸು ಎಂದೂ ಹೇಳಲಿಲ್ಲ. ಜೀಪಿನವನ ಬಗ್ಗೆ ಒಂದು ಪ್ರಶ್ನೆ ಕೇಳಿದೆ, ಉತ್ತರ ನೀನು ಬರೆದೆ. ಬೀಗದ ಕೈ ಯಾರ ಜೇಬಿನಲ್ಲಿತ್ತು ಎಂದೂ ನೀನೇ ಬರೆದಿದ್ದೀಯ. ನಿನ್ನ ಪತ್ರಗಳೆಲ್ಲ ನನ್ನ ಹತ್ತಿರ ಜೋಪಾನವಾಗಿವೆ. ಸುಳ್ಳು ಸಾಕ್ಷಿ ಹೇಳಿದೆ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡರೆ ತೊಂದರೆ ಯಾರಿಗೆ? ಪಿಂಚಣಿ ತಿನ್ನುವವಳು ನೀನು. ನನಗೆ ನಿನ್ನದೇ ಚಿಂತೆ.

ಹುಡುಗನ ಗಲ್ಲ ಥೇಟು ನಮ್ಮ ಅಮ್ಮನದು. ನೋಡಿದವರೆಲ್ಲ ಯಾರ ಹೋಲಿಕೆ ಎಂದು ಕೇಳುತ್ತಾರೆ. ಕಾಗದಗಳು ಮುಗಿದ ಮೇಲೆ ಅತ್ತೆ ಬಂದು ಅಳಿಯನನ್ನು ನೋಡುವುದಕ್ಕೆ ಯಾರು ಬೇಡ ಅನ್ನುತ್ತಾರೆ?

ಪತ್ರದ ನಮೂನೆ ಇದರೊಳಗೇ ಇದೆ. ಅಧ್ಯಕ್ಷರೊಬ್ಬರ ಸಹಿ ಸಾಕು.


ಫೆಬ್ರವರಿ 11

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಸಹಿ ಹಾಕಿದ ಪತ್ರ ಇದರ ಜೊತೆಗಿದೆ. ಮೊಹರು ಕೊಂಚ ಮಸುಕಾಗಿದೆ, ಎರಡು ಸಲ ಒತ್ತಿದ್ದೇನೆ.

ಕ್ರಷರ್ ಸುದ್ದಿ ಹೇಗೋ ಹಬ್ಬಿತ್ತು. ಮೊದಲು ಕರ್ನಲ್ ಬಂದು ಕೂಗಾಡಿದರು. ಮೇಷ್ಟ್ರು ಕೂಗಾಡಲಿಲ್ಲ, ರಾಜೀನಾಮೆ ಕೊಟ್ಟು ಹೋದರು. ಆಮೇಲೆ ಅವಳು ಬಂದಳು. ಗೇಟಿನ ಹತ್ತಿರ ಊರಿನವರನ್ನು ನಿಲ್ಲಿಸಿ, ತಾನೊಬ್ಬಳೇ ಒಳಗೆ ಬಂದಳು. ಕೂರು ಅಂದೆ. ಕೂರಲಿಲ್ಲ.

"ಅತ್ತಿಗೆ, ನನ್ನ ವಿಷಯ ಬಿಡಿ. ಅದು ಮುಗೀತು. ಇದಕ್ಕೆ ಮಾತ್ರ ಸಹಿ ಹಾಕ್ಬೇಡಿ. ಕೆಳಗಿನ ಮನೆಗಳೆಲ್ಲ ಮಣ್ಣಿನ ಗೋಡೇವು. ಒಂದು ಸಿಡಿತಕ್ಕೆ ಬೀಳ್ತವೆ."

ನಾನು ಬೇರೆಯದನ್ನೇ ಕೇಳಿದೆ. "ಮಗು ಇರೋದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಅದು ಹೊಟ್ಟೇಲಿದ್ದಾಗಿಂದ. ಕ್ಯಾಂಪಿನ ಆಸ್ಪತ್ರೇಲಿ ನನ್ನ ಜೊತೆ ಓದ್ದೋಳು ಒಬ್ಬಳಿದ್ದಾಳೆ."

"ಮತ್ತೆ ಸಭೇಲಿ ಯಾಕೆ ಬಾಯಿ ಬಿಡ್ಲಿಲ್ಲ?"

ಅವಳು ಹೇಳಿದಳು: "ನಿಮಗೆ ಇರೋದು ಅವರೊಬ್ಬರೇ ಅಲ್ವಾ, ಅತ್ತಿಗೆ. ಅಷ್ಟು ಜನರ ಮುಂದೆ ನಿಮಗದು ಗೊತ್ತಾಗೋದು ಬೇಡ ಅನ್ನಿಸ್ತು."

ತಮ್ಮಾ, ಅವಳು ಬಯ್ದಿದ್ದರೆ ನಾನು ಬಹುಶಃ ಸಹಿ ಹಾಕುತ್ತಿರಲಿಲ್ಲ. ನನ್ನನ್ನು ಪಾಪ ಅನ್ನುವಷ್ಟು ಅವಳು ಎತ್ತರಕ್ಕೆ ಹೋದಳೇ ಎಂದು ಮೈಯೆಲ್ಲ ಉರಿಯಿತು. ಅವಳ ಎದುರಿಗೇ ನಿನ್ನ ನಮೂನೆ ತೆಗೆದು, ಕನ್ನಡಕ ಹಾಕಿಕೊಂಡು ಸಹಿ ಮಾಡಿದೆ. ಅವಳು ಕೊನೆಯ ಅಕ್ಷರದವರೆಗೂ ನಿಂತು ನೋಡಿ ಹೋದಳು. ಹೊರಗೆ ಅವರಿಗೆಲ್ಲ ಏನು ಹೇಳಿದಳೋ, ಒಬ್ಬ ಮುದುಕಿ ಮಾತ್ರ ಗೇಟು ಹಿಡಿದು ಕುಸಿದು ಕೂತಳು.

ಈಗ ನನ್ನ ಮನೆಗೆ ಯಾರೂ ಬರುವುದಿಲ್ಲ. ಕಾವಲುಗಾರನೂ ಕೆಲಸ ಬಿಟ್ಟ. ನನಗೆ ಅದರ ಚಿಂತೆಯೇನೂ ಇಲ್ಲ.

ಒಂದು ಪೆಟ್ಟಿಗೆ ಸಿದ್ಧ ಮಾಡಿಕೊಂಡಿದ್ದೇನೆ. ಮಗುವಿಗೆ ಎರಡು ಸ್ವೆಟರ್ ಹೆಣೆದಿದ್ದೇನೆ. ಅಳತೆ ಗೊತ್ತಿಲ್ಲದೆ ಒಂದು ಸಣ್ಣದು, ಒಂದು ದೊಡ್ಡದು. ನಿನ್ನ ಹೊಸ ಹೆಂಡತಿ ಏನೂ ತೊಂದರೆ ತೆಗೆದುಕೊಳ್ಳುವುದು ಬೇಡ. ನಾನು ಒಂದು ಮೂಲೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುತ್ತೇನೆ. ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು ಎಂದು ಬರೆ. ಫೋಟೋ ಇದ್ದರೆ ಅದನ್ನೂ ಕಳಿಸು.

ನಿನ್ನ ಅಕ್ಕ


ಮಾರ್ಚ್ 1

ಅಕ್ಕನಿಗೆ,

ಕಾಗದ ತಲುಪಿತು. ಮೊಹರು ಮಸುಕಾಗಿದ್ದರೂ ನಡೆಯುತ್ತದೆ ಎಂದರು. ಮೊನ್ನೆಯೇ ಕ್ರಯಪತ್ರವಾಯಿತು. ಇನ್ನು ಏನಿದ್ದರೂ ಕಂಪನಿಯವರ ಜೊತೆ ಮಾತಾಡು; ಅವರು ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡುತ್ತಾರೆ. ಸಿಡಿಸುವಾಗ ಕಿಟಕಿಗಳನ್ನು ತೆಗೆದಿಟ್ಟರೆ ಗಾಜು ಒಡೆಯುವುದಿಲ್ಲವಂತೆ.

ಬರುವ ವಿಷಯ ಬರೆದಿದ್ದೀಯ. ಮದುವೆಗೆ ಮುಂಚೆ ಇವಳಿಗೆ ನನ್ನ ಕಡೆಯವರು ಅಂತ ಯಾರೂ ಇಲ್ಲ ಎಂದು ಹೇಳಿಬಿಟ್ಟಿದ್ದೆ. ಇವಳೂ ತವರಿನವರೂ ಅದನ್ನೇ ನಂಬಿದ್ದಾರೆ. ಈಗ ಅದನ್ನು ಬದಲಿಸುವುದು ಕಷ್ಟ.

ಸ್ವೆಟರುಗಳನ್ನು ಕಳಿಸಬೇಡ. ಇಲ್ಲಿ ಸೆಖೆ.